ಈವೆಂಟ್ ಹ್ಯಾಂಡ್ಲರ್‌ಗಳ ಕೊನೆಯಿಲ್ಲದ ಸುತ್ತನ್ನು ಪತ್ತೆಹಚ್ಚಿ ಬಿಡಿಸುವ ಕ್ರಮ

ಬಿಲ್ಲಿಂಗ್ ತಂತ್ರಾಂಶವೊಂದರ ಪರದೆಯಲ್ಲಿ ಎರಡು ಟೆಕ್ಸ್ಟ್‌ಬಾಕ್ಸ್‌ಗಳಿವೆ ಎಂದಿಟ್ಟುಕೊಳ್ಳೋಣ. ಒಂದು ತೆರಿಗೆ ಸೇರಿಸದ ಮೂಲದರ, ಇನ್ನೊಂದು ಶೇ. 18 ಜಿಎಸ್‌ಟಿ ಸೇರಿದ ಒಟ್ಟುದರ. ಯಾವುದರಲ್ಲಿ ಟೈಪ್ ಮಾಡಿದರೂ ಮತ್ತೊಂದು ತಾನಾಗಿ ತುಂಬಿಕೊಳ್ಳಬೇಕು ಎಂದು ಬಳಕೆದಾರರು ಕೇಳುತ್ತಾರೆ, ಮತ್ತು ಪ್ರೋಗ್ರಾಮರ್ ಎರಡೂ ಪೆಟ್ಟಿಗೆಗಳ ಟೆಕ್ಸ್ಟ್‌ಚೇಂಜ್ಡ್ ಈವೆಂಟ್‌ಗೆ (ಪಠ್ಯ ಬದಲಾದಾಗ ಏಳುವ ಸೂಚನೆಗೆ) ಒಂದೊಂದು ಹ್ಯಾಂಡ್ಲರ್, ಅಂದರೆ ಆಗ ಓಡಬೇಕಾದ ಫಂಕ್ಷನ್, ಬರೆಯುತ್ತಾರೆ. ಮೂಲದರ ಬದಲಾದರೆ ಒಟ್ಟುದರವನ್ನು ಬರೆಯುವುದು, ಒಟ್ಟುದರ ಬದಲಾದರೆ ಮೂಲದರವನ್ನು ಬರೆಯುವುದು. ಪ್ರತಿಯೊಂದು ಹ್ಯಾಂಡ್ಲರನ್ನೂ ಬಿಡಿಯಾಗಿ ಓದಿದರೆ ತಪ್ಪು ಕಾಣುವುದಿಲ್ಲ. ಎರಡೂ ಜೊತೆಗೂಡಿದಾಗ ಮಾತ್ರ ಒಂದು ಇನ್ನೊಂದನ್ನು ಕರೆಯುತ್ತಾ ಹೋಗುವ ಸುತ್ತು ಹುಟ್ಟುತ್ತದೆ.

ಈ ಮಾರ್ಗದರ್ಶಿ ಆ ಸುತ್ತನ್ನು ಹಿಡಿಯುವ, ಅದರ ಬಗೆಯನ್ನು ಗುರುತಿಸುವ ಮತ್ತು ಅದನ್ನು ಬುಡದಿಂದ ತೆಗೆಯುವ ಕ್ರಮವನ್ನು ವಿವರಿಸುತ್ತದೆ. ಮುಖ್ಯ ಉದಾಹರಣೆ ಸಿ-ಶಾರ್ಪ್ ಭಾಷೆಯ ವಿಂಡೋಸ್ ಫಾರ್ಮ್ಸ್‌ನದು. ಪರದೆ ಕಟ್ಟುವ ಅಂಥದೇ ಸಾಧನಗಳಾದ ಕ್ಯೂಟಿ, ಜಾವಾ ಸ್ವಿಂಗ್ ಮತ್ತು ಎಕ್ಸೆಲ್‌ನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ಬಳಸುವವರಿಗೆ ಬೇರೆಯಾಗುವ ಅಂಶಗಳನ್ನು ಅಲ್ಲಲ್ಲೇ ಹೇಳಿದ್ದೇನೆ.

ಈವೆಂಟ್ ಎಂದರೆ ನೇರ ಕರೆ

ದೋಷ ಹುಡುಕುವ ಸಾಧನವಾದ ಡೀಬಗರ್ ತೆರೆಯುವ ಮೊದಲು ಒಂದು ತಿಳಿವಳಿಕೆ ಗಟ್ಟಿಯಾಗಿರಬೇಕು. ಈವೆಂಟ್ ಎಂದರೆ ಎಲ್ಲೋ ಸರತಿಯಲ್ಲಿ ನಿಂತು ತನ್ನ ಪಾಳಿ ಬಂದಾಗ ನಡೆಯುವ ಕೆಲಸ ಎಂದು ಅನೇಕರು ಭಾವಿಸಿರುತ್ತಾರೆ. ಬಳಕೆದಾರರ ಕೀಲಿ ಒತ್ತುವಿಕೆ ಮತ್ತು ಮೌಸ್ ಕ್ಲಿಕ್‌ಗಳು ಹಾಗೆ ಸರತಿಯಲ್ಲಿ ಬರುವುದು ನಿಜ. ಆದರೆ ನಿಮ್ಮ ಕೋಡ್ ಒಂದು ಟೆಕ್ಸ್ಟ್‌ಬಾಕ್ಸ್‌ನ ಪಠ್ಯಕ್ಕೆ ಹೊಸ ಮೌಲ್ಯ ಕೊಟ್ಟಾಗ, ಟೆಕ್ಸ್ಟ್‌ಚೇಂಜ್ಡ್ ಹ್ಯಾಂಡ್ಲರ್ ಅಲ್ಲಿಯೇ, ಆ ಕ್ಷಣದಲ್ಲಿಯೇ, ಸಾಮಾನ್ಯ ಫಂಕ್ಷನ್ ಕರೆಯಂತೆ ನಡೆಯುತ್ತದೆ. ಆ ಹ್ಯಾಂಡ್ಲರ್ ಮುಗಿಯುವವರೆಗೆ ಮೌಲ್ಯ ಕೊಟ್ಟ ಸಾಲಿನಿಂದ ಮುಂದಿನ ಸಾಲಿಗೆ ಹೋಗುವುದಿಲ್ಲ. ಹೀಗಾಗಿ ಒಂದೊಂದು ಮರುಕರೆಯೂ ಕಾಲ್ ಸ್ಟ್ಯಾಕ್‌ನ (ಮುಗಿಯದ ಕರೆಗಳ ವಿವರವನ್ನು ಒಂದರ ಮೇಲೊಂದು ಇಡುವ ಸ್ಮೃತಿಯ ಭಾಗದ) ಮೇಲೆ ಹೊಸ ಫ್ರೇಮ್‌ಗಳನ್ನು, ಅಂದರೆ ಒಂದೊಂದು ಕರೆಯ ದಾಖಲೆಯನ್ನು, ಪೇರಿಸುತ್ತದೆ.

ಈ ಸ್ಟ್ಯಾಕ್ ಬಹಳ ಚಿಕ್ಕದು. ವಿಂಡೋಸ್‌ನ ಲಿಂಕರ್ ಬೇರೆ ಸೂಚನೆ ಇಲ್ಲದಿದ್ದರೆ ಒಂದೊಂದು ಥ್ರೆಡ್‌ಗೆ (ಪ್ರೋಗ್ರಾಮಿನೊಳಗಿನ ಓಟದ ಎಳೆಗೆ) 1 ಎಂಬಿ ಕಾದಿರಿಸುತ್ತದೆ. ಲಿನಕ್ಸ್‌ನ ಬಹುಪಾಲು ವಿತರಣೆಗಳಲ್ಲಿ ಮುಖ್ಯ ಥ್ರೆಡ್‌ನ ಮಿತಿ 8 ಎಂಬಿ. ಈ ಮಿತಿ ಮೀರಿದಾಗ ಸಿ-ಶಾರ್ಪ್ ನಡೆಯುವ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ಸ್ಟ್ಯಾಕ್‌ಓವರ್‌ಫ್ಲೋ ಎಕ್ಸೆಪ್ಷನ್ ಎದ್ದರೂ, ಡಾಟ್‌ನೆಟ್ ಫ್ರೇಮ್‌ವರ್ಕ್ 2.0ರಿಂದ ಈಚೆಗೆ ಅದನ್ನು ಟ್ರೈ-ಕ್ಯಾಚ್‌ನಲ್ಲಿ (ದೋಷಗಳನ್ನು ಹಿಡಿದು ಸಂಭಾಳಿಸುವ ಕೋಡ್‌ನಲ್ಲಿ) ಹಿಡಿಯಲು ಬರುವುದಿಲ್ಲ, ಇಡೀ ಪ್ರಕ್ರಿಯೆಯೇ ನಿಂತುಹೋಗುತ್ತದೆ. ಆದ್ದರಿಂದ ಹ್ಯಾಂಡ್ಲರ್‌ಗಳಿಗೆಲ್ಲ ಟ್ರೈ-ಕ್ಯಾಚ್ ಸುತ್ತುವುದರಿಂದ ಏನೂ ಪ್ರಯೋಜನವಿಲ್ಲ. ಜಾವಾದಲ್ಲಿ ಸ್ಟ್ಯಾಕ್‌ಓವರ್‌ಫ್ಲೋಎರರ್ ಅನ್ನು ಹಿಡಿಯಬಹುದು. ಪೈಥಾನ್‌ನಲ್ಲಿ ಕರೆಗಳ ಆಳ 1000 ದಾಟಿದಾಗ ರಿಕರ್ಷನ್‌ಎರರ್ ಬರುತ್ತದೆ. ಆ ಮಿತಿಯನ್ನು ಹೆಚ್ಚಿಸಿ ನೋಡುವುದು ರೋಗವನ್ನು ಮುಂದೂಡುವ ಕೆಲಸವಷ್ಟೆ.

ಮೊದಲ ಹೆಜ್ಜೆ: ಲಕ್ಷಣವನ್ನು ಸರಿಯಾಗಿ ಗುರುತಿಸಿ

ಒಂದೇ ಬಗೆಯ ದೋಷ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ತಂತ್ರಾಂಶ ಯಾವ ಸಂದೇಶವನ್ನೂ ತೋರದೆ ಮಾಯವಾದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ಅಥವಾ ಡೀಬಗರ್‌ನ ಔಟ್‌ಪುಟ್ ನೋಡಿ. ನಿರ್ಗಮನ ಸಂಕೇತ -1073741571 ಎಂದಿದ್ದರೆ ಅದು ಸ್ಟ್ಯಾಕ್ ತುಂಬಿದ್ದರ ಗುರುತು. ಪರದೆ ಹೆಪ್ಪುಗಟ್ಟಿದಂತಾಗಿ ಅಥವಾ ಮಿನುಗುತ್ತಾ ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ದುಡಿಯುತ್ತಿದ್ದರೆ, ಸುತ್ತು ಸ್ಟ್ಯಾಕ್‌ನ ಮೂಲಕವಲ್ಲದೆ ಸಂದೇಶಗಳ ಸರತಿಯ ಮೂಲಕ ನಡೆಯುತ್ತಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಸುತ್ತು ಒಂದಷ್ಟು ಬಾರಿ ತಿರುಗಿ ತಾನಾಗಿ ನಿಲ್ಲುತ್ತದೆ, ತಂತ್ರಾಂಶ ಬೀಳುವುದಿಲ್ಲ, ಆದರೆ ಪೆಟ್ಟಿಗೆಯಲ್ಲಿ ಉಳಿಯುವ ಮೊತ್ತ ಬಳಕೆದಾರರು ಕೊಟ್ಟದ್ದಾಗಿರುವುದಿಲ್ಲ. ಬಿದ್ದುಹೋಗುವ ತಂತ್ರಾಂಶದ ಬಗ್ಗೆ ದೂರು ಅದೇ ದಿನ ಬರುತ್ತದೆ. ತಪ್ಪು ಮೊತ್ತದ ಬಿಲ್ಲು ತಿಂಗಳುಗಟ್ಟಲೆ ಮುದ್ರಣವಾಗುತ್ತಲೇ ಇರಬಹುದು.

ಎರಡನೆಯ ಹೆಜ್ಜೆ: ಕಾಲ್ ಸ್ಟ್ಯಾಕ್‌ನಲ್ಲಿ ಸುತ್ತನ್ನು ಓದಿ

ವಿಷುಯಲ್ ಸ್ಟುಡಿಯೋದಲ್ಲಿ ಡೀಬಗರ್ ಜೊತೆ ತಂತ್ರಾಂಶವನ್ನು ನಡೆಸಿ, ದೋಷ ಬರುವ ಕ್ರಿಯೆಯನ್ನು ಮಾಡಿ. ಅದು ನಿಂತಾಗ ಕಂಟ್ರೋಲ್, ಆಲ್ಟ್, ಸಿ ಒತ್ತಿದರೆ ಕಾಲ್ ಸ್ಟ್ಯಾಕ್ ತೆರೆಯುತ್ತದೆ. ಅಲ್ಲಿ ಕಾಣುವುದು ಸುಮಾರಾಗಿ ಹೀಗಿರುತ್ತದೆ:

ಒಟ್ಟುದರ_ಬದಲಾಯಿತು
(ಹೊರಗಿನ ಕೋಡ್)
ಮೂಲದರ_ಬದಲಾಯಿತು
(ಹೊರಗಿನ ಕೋಡ್)
ಒಟ್ಟುದರ_ಬದಲಾಯಿತು
(ಹೊರಗಿನ ಕೋಡ್)
ಮೂಲದರ_ಬದಲಾಯಿತು

ಮೇಲಿನ ಸಾಲು ತೀರಾ ಇತ್ತೀಚಿನದು. ಸ್ಟ್ಯಾಕ್ ಯಾವ ಸಾಲಿನಲ್ಲಿ ತುಂಬಿತು ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಅಲ್ಲಿರುವ ಕೋಡ್ ಕೇವಲ ಕೊನೆಯ ಹನಿಯನ್ನು ಸುರಿಸಿರುತ್ತದೆ. ಆದ್ದರಿಂದ ಅದನ್ನೇ ದಿಟ್ಟಿಸುತ್ತಾ ಕೂರಬೇಡಿ. ಮೇಲಿನಿಂದ ಕೆಳಗೆ ಬರುತ್ತಾ ಒಂದು ಹೆಸರು ಎರಡನೆಯ ಬಾರಿ ಕಾಣುವವರೆಗೆ ಓದಿ, ಆ ಎರಡರ ನಡುವೆ ಇರುವ ಎಲ್ಲ ಫ್ರೇಮ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದೇ ನಿಮ್ಮ ಸುತ್ತು. ನಿಮ್ಮ ಕೋಡ್‌ನ ಒಂದೇ ಹೆಸರು ಕಂಡರೆ, ಬಲ ಕ್ಲಿಕ್ ಮಾಡಿ ಹೊರಗಿನ ಕೋಡ್ ತೋರಿಸುವ ಆಯ್ಕೆಯನ್ನು ಹಾಕಿ. ನಡುವೆ ಬರುವ ಫ್ರೇಮ್‌ವರ್ಕ್‌ನ ಫಂಕ್ಷನ್‌ಗಳು ಯಾವ ಪ್ರಾಪರ್ಟಿಗೆ ಮೌಲ್ಯ ಕೊಟ್ಟದ್ದರಿಂದ ಮರುಕರೆ ಹುಟ್ಟಿತು ಎಂಬುದನ್ನು ಹೇಳಿಬಿಡುತ್ತವೆ. ಹೊರಗಿನ ಕೋಡ್ ಎಲ್ಲಿಯೂ ಇಲ್ಲದೆ ಒಂದೇ ಹೆಸರು ಬೆನ್ನುಬೆನ್ನಿಗೆ ಬಂದಿದ್ದರೆ, ಪ್ರಾಪರ್ಟಿಗೆ ಮೌಲ್ಯ ಕೊಟ್ಟಾಗ ಓಡುವ ಸೆಟ್ಟರ್ ತನ್ನ ಹಿಂದಿರುವ ಫೀಲ್ಡ್‌ಗೆ (ಮೌಲ್ಯವನ್ನು ಇಡುವ ಚರಕ್ಕೆ) ಬದಲಾಗಿ ತನಗೇ ಮೌಲ್ಯ ಕೊಟ್ಟುಕೊಳ್ಳುತ್ತಿರುವ ಸಾಧ್ಯತೆಯೇ ಹೆಚ್ಚು. ದೊಡ್ಡಕ್ಷರ, ಚಿಕ್ಕಕ್ಷರಗಳಲ್ಲಿ ಮಾತ್ರ ಬೇರೆಯಾಗುವ ಹೆಸರುಗಳಿದ್ದಲ್ಲಿ ಇದು ಸುಲಭವಾಗಿ ನುಸುಳುತ್ತದೆ.

ಸುತ್ತು ಯಾವುದೆಂದು ತಿಳಿದ ಮೇಲೆ, ಅದಕ್ಕೆ ಬಾಗಿಲು ತೆರೆದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಉತ್ತರ ಸ್ಟ್ಯಾಕ್‌ನ ತಳದಲ್ಲಿದೆ. ತೊಂದರೆ ಏನೆಂದರೆ, ಫ್ರೇಮ್‌ಗಳು ತೀರಾ ಹೆಚ್ಚಾದಾಗ ವಿಷುಯಲ್ ಸ್ಟುಡಿಯೋ ತಳದವರೆಗೆ ತೋರಿಸುವುದಿಲ್ಲ. ಜಾವಾ ಕೂಡ ಪೂರ್ವನಿಗದಿಯಂತೆ 1024 ಫ್ರೇಮ್‌ಗಳನ್ನಷ್ಟೇ ದಾಖಲಿಸುತ್ತದೆ; ಮ್ಯಾಕ್ಸ್‌ಜಾವಾಸ್ಟ್ಯಾಕ್‌ಟ್ರೇಸ್‌ಡೆಪ್ತ್ ಎಂಬ ಆಯ್ಕೆಯಿಂದ ಅದನ್ನು ಹೆಚ್ಚಿಸಬಹುದು. ಸಿ++ ಮತ್ತು ಕ್ಯೂಟಿಯಲ್ಲಿ ಕೆಲಸ ಮಾಡುವವರಿಗೆ ಜಿಡಿಬಿ ಎಂಬ ಡೀಬಗರ್‌ನ ಬ್ಯಾಕ್‌ಟ್ರೇಸ್ ಆದೇಶಕ್ಕೆ ಋಣ ಸಂಖ್ಯೆ ಕೊಡುವ ಸೌಲಭ್ಯವಿದೆ: -20 ಎಂದು ಕೊಟ್ಟರೆ ತಳದ 20 ಫ್ರೇಮ್‌ಗಳು ಮಾತ್ರ ಬರುತ್ತವೆ. ವಿಷುಯಲ್ ಸ್ಟುಡಿಯೋದಲ್ಲಿ ನಾನು ಸೂಚಿಸುವ ಉಪಾಯ ಬೇರೆ. ಸುತ್ತಿನೊಳಗಿನ ಹ್ಯಾಂಡ್ಲರ್‌ನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ (ಓಟ ತಡೆದು ನಿಲ್ಲಿಸುವ ಗುರುತು) ಹಾಕಿ, ಅದಕ್ಕೆ ಹಿಟ್ ಕೌಂಟ್ ಷರತ್ತನ್ನು ಸೇರಿಸಿ, ಹತ್ತನೆಯ ಬಾರಿ ಬಂದಾಗ ಮಾತ್ರ ನಿಲ್ಲುವಂತೆ ಮಾಡಿ. ಆಗ ಸುತ್ತು ಸ್ಪಷ್ಟವಾಗಿ ಕಾಣುವಷ್ಟು ಬೆಳೆದಿರುತ್ತದೆ, ತಳವೂ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿರುತ್ತದೆ.

ಮೂರನೆಯ ಹೆಜ್ಜೆ: ಮೌಲ್ಯಗಳನ್ನು ಲಾಗ್ ಮಾಡಿ

ಕಾಲ್ ಸ್ಟ್ಯಾಕ್ ಯಾರು ಯಾರನ್ನು ಕರೆದರು ಎಂಬುದನ್ನು ಹೇಳುತ್ತದೆ. ಏಕೆ ನಿಲ್ಲಲಿಲ್ಲ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಪ್ರತಿ ಸುತ್ತಿನ ಹಳೆಯ ಮತ್ತು ಹೊಸ ಮೌಲ್ಯಗಳು ಬೇಕು. ಫಾರ್ಮ್‌ನಲ್ಲಿ ಆಳ ಎಂಬ ಒಂದು ಪೂರ್ಣಾಂಕ ಚರವನ್ನು ಇಡಿ. ಹ್ಯಾಂಡ್ಲರ್ ಒಳಗೆ ಬಂದೊಡನೆ ಅದನ್ನು ಒಂದು ಹೆಚ್ಚಿಸಿ, ದೋಷ ಬಂದರೂ ತಪ್ಪದೆ ಓಡುವ, ಟ್ರೈ-ಫೈನಲಿಯ ಫೈನಲಿ ಭಾಗದಲ್ಲಿ ಒಂದು ಕಡಿಮೆ ಮಾಡಿ. ಆಳದಷ್ಟು ಖಾಲಿ ಜಾಗ ಬಿಟ್ಟು ಹ್ಯಾಂಡ್ಲರ್‌ನ ಹೆಸರು, ಪೆಟ್ಟಿಗೆಯಲ್ಲಿರುವ ಮೌಲ್ಯ, ಬರೆಯಲು ಹೊರಟಿರುವ ಮೌಲ್ಯ, ಈ ಮೂರನ್ನೂ ಡೀಬಗ್ ಔಟ್‌ಪುಟ್‌ಗೆ ಬರೆಯಿರಿ. ಆಳ 20 ದಾಟಿದರೆ ಎನ್ವಿರಾನ್‌ಮೆಂಟ್ ವರ್ಗದ ಸ್ಟ್ಯಾಕ್‌ಟ್ರೇಸ್ ಪಠ್ಯವನ್ನು ಲಾಗ್‌ಗೆ ಸೇರಿಸಿ, ಮೌಲ್ಯ ಕೊಡದೆ ಹಿಂದಿರುಗಿ. ಸರಿಯಾಗಿ ಬರೆದ ಪರದೆಯಲ್ಲಿ ಈ ಆಳ ಎರಡು ಮೂರನ್ನು ದಾಟುವುದೇ ಅಪರೂಪ, ಆದ್ದರಿಂದ 20 ಎಂಬುದು ಉದಾರವಾದ ಮಿತಿ.

ಲಾಗ್ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಫೋಕಸ್ (ಕೀಲಿ ಒತ್ತುವಿಕೆ ಯಾವ ಪೆಟ್ಟಿಗೆಗೆ ಹೋಗುತ್ತದೆ ಎಂಬುದು) ಮತ್ತು ಪೇಂಟ್ (ಪರದೆಯನ್ನು ಬಿಡಿಸುವುದು) ಈವೆಂಟ್‌ಗಳ ವಿಷಯದಲ್ಲಿ ಬ್ರೇಕ್‌ಪಾಯಿಂಟ್ ನಂಬಿಕೆಗೆ ಅರ್ಹವಲ್ಲ. ಬ್ರೇಕ್‌ಪಾಯಿಂಟ್ ತಾಗಿದೊಡನೆ ಡೀಬಗರ್‌ನ ಪರದೆ ಮುಂದೆ ಬರುತ್ತದೆ, ನಿಮ್ಮ ತಂತ್ರಾಂಶ ಫೋಕಸ್ ಕಳೆದುಕೊಳ್ಳುತ್ತದೆ, ಮುಂದುವರಿಸಿದಾಗ ಫೋಕಸ್ ಮರಳಿ ಬಂದು ಪರದೆ ಮತ್ತೆ ಬಿಡಿಸಲ್ಪಡುತ್ತದೆ. ಹೀಗೆ ಇಲ್ಲದ ಸುತ್ತೊಂದನ್ನು ಡೀಬಗರ್ ತಾನೇ ಸೃಷ್ಟಿಸುತ್ತದೆ, ಇಲ್ಲವೇ ಇರುವ ಸುತ್ತನ್ನು ಮುರಿದುಬಿಡುತ್ತದೆ. ಕೋಡ್ ಮುಟ್ಟಲು ಇಷ್ಟವಿಲ್ಲದಿದ್ದರೆ ವಿಷುಯಲ್ ಸ್ಟುಡಿಯೋದ ಟ್ರೇಸ್‌ಪಾಯಿಂಟ್ ಬಳಸಿ. ಅದು ನಿಲ್ಲಿಸದೆ ಸಂದೇಶವನ್ನಷ್ಟೇ ಬರೆಯುತ್ತದೆ.

ನಾಲ್ಕನೆಯ ಹೆಜ್ಜೆ: ಸುತ್ತಿನ ಬಗೆಯನ್ನು ನಿರ್ಧರಿಸಿ

ಇಡೀ ಕೆಲಸದ ತಿರುಳು ಇಲ್ಲಿದೆ. ವಿಂಡೋಸ್ ಫಾರ್ಮ್ಸ್‌ನ ಟೆಕ್ಸ್ಟ್‌ಬಾಕ್ಸ್ ಈಗಾಗಲೇ ಇರುವ ಪಠ್ಯವನ್ನೇ ಮತ್ತೆ ಕೊಟ್ಟರೆ ಈವೆಂಟ್ ಎಬ್ಬಿಸುವುದಿಲ್ಲ. ಆದ್ದರಿಂದ ಸುತ್ತು ನಿಲ್ಲುತ್ತಿಲ್ಲ ಎಂದರೆ ಪ್ರತಿ ಬಾರಿಯೂ ಬೇರೆ ಪಠ್ಯ ಬರುತ್ತಿದೆ ಎಂದೇ ಅರ್ಥ. ಏಕೆ ಬೇರೆ ಬರುತ್ತಿದೆ ಎಂಬುದನ್ನು ಲಾಗ್‌ನಿಂದ ಓದಬೇಕು.

ಮೊದಲನೆಯದು ದುಂಡುಗೊಳಿಸುವಿಕೆಯಿಂದ ಜಾರುವ ಮೌಲ್ಯ. ನಮ್ಮ ಉದಾಹರಣೆಯಲ್ಲಿ ವ್ಯಾಪಾರಿಗೆ ಪೈಸೆ ನಷ್ಟವಾಗಬಾರದೆಂದು ಎರಡೂ ಹ್ಯಾಂಡ್ಲರ್‌ಗಳು ಮೇಲಿನ ಪೈಸೆಗೆ ದುಂಡುಗೊಳಿಸುತ್ತವೆ ಎನ್ನಿ. ಒಟ್ಟುದರದ ಪೆಟ್ಟಿಗೆಗೆ 100 ಎಂದು ಪೇಸ್ಟ್ ಮಾಡಿ. 100 ಅನ್ನು 1.18ರಿಂದ ಭಾಗಿಸಿದರೆ 84.7457 ಚಿಲ್ಲರೆ, ಮೂಲದರ 84.75 ಆಗುತ್ತದೆ. ಅದನ್ನು 1.18ರಿಂದ ಗುಣಿಸಿದರೆ 100.005, ಒಟ್ಟುದರ 100.01 ಆಗುತ್ತದೆ. ಮತ್ತೆ ಭಾಗಿಸಿದಾಗ 84.76, ಗುಣಿಸಿದಾಗ 100.02. ಹೀಗೆ ಪ್ರತಿ ಸುತ್ತಿಗೂ ಮೂಲದರ ಒಂದೊಂದು ಪೈಸೆ ಏರುತ್ತದೆ. ಮೂಲದರ 50 ಪೈಸೆಯ ಗುಣಕವಾದಾಗ ಮಾತ್ರ ಗುಣಲಬ್ಧ ಪೈಸೆಗೆ ಸರಿಯಾಗಿ ಕೂರುವುದರಿಂದ, 85.00 ಮತ್ತು 100.30ಕ್ಕೆ ತಲುಪಿ ಸುತ್ತು ನಿಲ್ಲುತ್ತದೆ. ಹ್ಯಾಂಡ್ಲರ್‌ಗಳು ಒಂದರೊಳಗೊಂದು ಐವತ್ತಕ್ಕೂ ಹೆಚ್ಚು ಬಾರಿ ಓಡಿವೆ, ತಂತ್ರಾಂಶ ಬಿದ್ದಿಲ್ಲ, ಗ್ರಾಹಕರ ಬಿಲ್ಲಿನಲ್ಲಿ 30 ಪೈಸೆ ಹೆಚ್ಚಾಗಿದೆ. ದಶಮಾಂಶಗಳನ್ನು ನಿಖರವಾಗಿ ಇಡುವ ಡೆಸಿಮಲ್ ಬದಲು ಅಂದಾಜಾಗಿ ಇಡುವ ಡಬಲ್ ಬಗೆಯ ಸಂಖ್ಯೆ ಬಳಸಿದ್ದರೆ ಗುಣಲಬ್ಧ ಸರಿಯಾಗಿ ಕೂರುತ್ತದೆಂಬ ಭರವಸೆಯೇ ಇಲ್ಲ, ಹಾಗಾಗಿ ನಿಲ್ಲುವ ಭರವಸೆಯೂ ಇಲ್ಲ.

ಸಮೀಪದ ಪೈಸೆಗೆ ದುಂಡುಗೊಳಿಸಿದರೆ ಈ ಜಾರುವಿಕೆ ಒಂದೇ ಸುತ್ತಿಗೆ ನಿಲ್ಲುತ್ತದೆ. ಆದರೂ 100.005 ಎಂಬುದು ಎರಡು ಪೈಸೆಗಳ ನಟ್ಟನಡುವಿನ ಮೊತ್ತ. ಡಾಟ್‌ನೆಟ್‌ನ ಮ್ಯಾತ್ ರೌಂಡ್ ಪೂರ್ವನಿಗದಿಯಂತೆ ಸಮಸಂಖ್ಯೆಯ ಕಡೆಗೆ ದುಂಡುಗೊಳಿಸಿ 100.00 ಕೊಡುತ್ತದೆ, ಸೊನ್ನೆಯಿಂದ ದೂರಕ್ಕೆ ಎಂಬ ಆಯ್ಕೆ ಕೊಟ್ಟರೆ 100.01 ಕೊಡುತ್ತದೆ. ಎರಡನೆಯ ಸಂದರ್ಭದಲ್ಲಿ ಬಳಕೆದಾರರು ಕೊಟ್ಟ ನೂರು ಅವರ ಕಣ್ಣೆದುರೇ ಬದಲಾಗುತ್ತದೆ.

ಎರಡನೆಯದು ಎರಡು ರೂಪಗಳ ನಡುವೆ ತೂಗಾಡುವ ಪಠ್ಯ. ಒಂದು ಹ್ಯಾಂಡ್ಲರ್ ಮೊತ್ತವನ್ನು 118.00 ಎಂದು ಬರೆಯುತ್ತದೆ, ಅದೇ ಪೆಟ್ಟಿಗೆಗೆ ಬೇರೆ ಯಾರೋ ಸೇರಿಸಿದ ಇನ್ನೊಂದು ಹ್ಯಾಂಡ್ಲರ್ ಕೊನೆಯ ಸೊನ್ನೆಗಳನ್ನು ಕಿತ್ತು 118 ಎಂದು ಬರೆಯುತ್ತದೆ. ಸಂಖ್ಯೆ ಒಂದೇ, ಪಠ್ಯ ಬೇರೆ, ಆದ್ದರಿಂದ ಈವೆಂಟ್ ಪ್ರತಿ ಬಾರಿಯೂ ಏಳುತ್ತದೆ. ಇದಕ್ಕೆ ಕೊನೆಯೇ ಇಲ್ಲ. ಪಠ್ಯವನ್ನು ಹೋಲಿಸುವುದನ್ನು ಬಿಟ್ಟು ಸಂಖ್ಯೆಯನ್ನು ಹೋಲಿಸಿದರೆ ಈ ಬಗೆ ಅಲ್ಲಿಗೇ ಮುಗಿಯುತ್ತದೆ. ಹೋಲಿಸುವಾಗ ಒಂದು ಎಚ್ಚರ: ಸಂಖ್ಯೆಯಲ್ಲದ ಮೌಲ್ಯವನ್ನು ಸೂಚಿಸುವ ಎನ್‌ಎಎನ್ ತನಗೆ ತಾನೇ ಸಮನಲ್ಲ. ಹಳೆಯದೂ ಹೊಸದೂ ಎನ್‌ಎಎನ್ ಆಗಿದ್ದಾಗ ಸಮಚಿಹ್ನೆಯ ಹೋಲಿಕೆ ಬದಲಾಗಿದೆ ಎಂದೇ ಹೇಳುತ್ತಿರುತ್ತದೆ. ಸಿ-ಶಾರ್ಪ್‌ನಲ್ಲಿ ಈಕ್ವಲ್ಸ್ ಮೆಥಡ್ ಬಳಸಿದರೆ ಈ ತೊಂದರೆ ಇಲ್ಲ.

ಮೂರನೆಯದು ನಿಯಮದಲ್ಲಿಯೇ ಇರುವ ಸುತ್ತು. ಒಟ್ಟು ಮೊತ್ತ 1000 ರೂಪಾಯಿ ಮುಟ್ಟಿದರೆ ಶೇ. 5 ರಿಯಾಯಿತಿ ಎಂದು ನಿಯಮವಿದೆ. ಸಾಮಾನುಗಳ ಬೆಲೆ 1020. ರಿಯಾಯಿತಿ 51 ಕಳೆದು ಒಟ್ಟು ಮೊತ್ತದ ಪೆಟ್ಟಿಗೆಯಲ್ಲಿ 969 ಬರೆಯಲಾಗುತ್ತದೆ. ಆ ಪೆಟ್ಟಿಗೆಯ ಹ್ಯಾಂಡ್ಲರ್ ಎದ್ದು, ಮೊತ್ತ ಸಾವಿರಕ್ಕಿಂತ ಕಡಿಮೆ ಇದೆಯೆಂದು ರಿಯಾಯಿತಿಯನ್ನು ಸೊನ್ನೆ ಮಾಡುತ್ತದೆ. ಒಟ್ಟು ಮತ್ತೆ 1020 ಆಗುತ್ತದೆ, ರಿಯಾಯಿತಿ ಮತ್ತೆ ಬರುತ್ತದೆ. ಇಲ್ಲಿ ಸಂಖ್ಯೆಗಳನ್ನು ಎಷ್ಟು ಸೂಕ್ಷ್ಮವಾಗಿ ಹೋಲಿಸಿದರೂ ಸುತ್ತು ನಿಲ್ಲುವುದಿಲ್ಲ, ಏಕೆಂದರೆ ಒಂದೇ ಪೆಟ್ಟಿಗೆ ನಿಯಮದ ಆಧಾರವೂ ಆಗಿದೆ, ಫಲಿತಾಂಶವೂ ಆಗಿದೆ. ರಿಯಾಯಿತಿಗೆ ಮೊದಲಿನ ಮೊತ್ತ ಮತ್ತು ನಂತರದ ಮೊತ್ತ ಎರಡು ಬೇರೆ ಬೇರೆ ರಾಶಿಗಳು. ಅವನ್ನು ಬೇರೆ ಮಾಡದೆ ಯಾವ ತಾಂತ್ರಿಕ ಉಪಾಯವೂ ಫಲಿಸದು.

ಐದನೆಯ ಹೆಜ್ಜೆ: ತಕ್ಕ ಪರಿಹಾರವನ್ನು ಆರಿಸಿ

ಮೊದಲು ಪರಿಶೀಲಿಸಬೇಕಾದದ್ದು, ನೀವು ಆರಿಸಿದ ಈವೆಂಟ್ ಸರಿಯಾದುದೇ ಎಂಬುದು. ಬಳಕೆದಾರರ ಕ್ರಿಯೆಗೆ ಮಾತ್ರ ಏಳುವ ಈವೆಂಟ್ ಸಿಕ್ಕರೆ ಸುತ್ತು ಹುಟ್ಟುವುದೇ ಇಲ್ಲ. ಕ್ಯೂಟಿಯ ಲೈನ್‌ಎಡಿಟ್‌ನಲ್ಲಿ ಟೆಕ್ಸ್ಟ್‌ಚೇಂಜ್ಡ್ ಬದಲು ಟೆಕ್ಸ್ಟ್‌ಎಡಿಟೆಡ್ ಸಿಗ್ನಲ್ (ಕ್ಯೂಟಿಯಲ್ಲಿ ಇಂಥ ಸೂಚನೆಗಿರುವ ಹೆಸರು) ಬಳಸಿ. ಕೋಡ್‌ನಿಂದ ಪಠ್ಯ ಕೊಟ್ಟಾಗ ಅದು ಏಳುವುದಿಲ್ಲ. ವಿಂಡೋಸ್ ಫಾರ್ಮ್ಸ್‌ನ ಕಾಂಬೋಬಾಕ್ಸ್‌ನಲ್ಲಿ ಸೆಲೆಕ್ಷನ್‌ಚೇಂಜ್‌ಕಮಿಟೆಡ್, ಟ್ರ್ಯಾಕ್‌ಬಾರ್‌ನಲ್ಲಿ ಸ್ಕ್ರೋಲ್ ಇದೇ ಬಗೆಯವು. ವಿಂಡೋಸ್ ಫಾರ್ಮ್ಸ್‌ನ ಟೆಕ್ಸ್ಟ್‌ಬಾಕ್ಸ್‌ಗೆ ಇಂಥ ಈವೆಂಟ್ ಇಲ್ಲ. ಬಳಕೆದಾರರು ಪೆಟ್ಟಿಗೆಯಿಂದ ಹೊರಬಂದಾಗ ಲೆಕ್ಕ ಮಾಡಿದರೆ ಸಾಕೆನ್ನುವಲ್ಲಿ ವ್ಯಾಲಿಡೇಟೆಡ್ ಈವೆಂಟ್ ಒಳ್ಳೆಯ ಬದಲಿ. ಅರ್ಧ ಟೈಪ್ ಮಾಡಿದ ಸಂಖ್ಯೆಗಳ ತಲೆನೋವೂ ತಪ್ಪುತ್ತದೆ.

ಪ್ರತಿ ಅಕ್ಷರಕ್ಕೂ ಲೆಕ್ಕ ನಡೆಯಲೇಬೇಕೆಂದರೆ ತಡೆಗುರುತು ಬೇಕಾಗುತ್ತದೆ. ನವೀಕರಣ ನಡೆಯುತ್ತಿದೆ ಎಂಬ ಬೂಲಿಯನ್ ಚರವೊಂದನ್ನು ಇಟ್ಟು, ಅದು ನಿಜವಾಗಿದ್ದರೆ ಹ್ಯಾಂಡ್ಲರ್ ಒಡನೆ ಹಿಂದಿರುಗಬೇಕು. ಇಲ್ಲವಾದರೆ ಅದನ್ನು ನಿಜ ಮಾಡಿ, ಕೆಲಸ ನಡೆಸಿ, ಫೈನಲಿಯಲ್ಲಿ ಸುಳ್ಳು ಮಾಡಬೇಕು. ಫೈನಲಿಯನ್ನು ಬಿಡಲೇಬೇಡಿ. ಬಳಕೆದಾರರು ಸಂಖ್ಯೆಯ ಜಾಗದಲ್ಲಿ ಅಕ್ಷರ ಒತ್ತಿ ಎಕ್ಸೆಪ್ಷನ್ ಎದ್ದರೆ ಗುರುತು ನಿಜವಾಗಿಯೇ ಉಳಿದು, ಆ ಪರದೆ ಮುಂದೆ ಯಾವ ಬದಲಾವಣೆಗೂ ಓಗೊಡುವುದಿಲ್ಲ. ಎಕ್ಸೆಲ್‌ನಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ವರ್ಕ್‌ಶೀಟ್ ಚೇಂಜ್ ಹ್ಯಾಂಡ್ಲರ್‌ನಲ್ಲಿ ಅಪ್ಲಿಕೇಶನ್‌ನ ಎನೇಬಲ್‌ಈವೆಂಟ್ಸ್ ಅನ್ನು ಸುಳ್ಳು ಮಾಡಿ ನಡುವೆ ದೋಷ ಬಂದು ಹೊರನಡೆದರೆ, ಆ ಎಕ್ಸೆಲ್ ಅವಧಿಯಲ್ಲಿ ತೆರೆದ ಎಲ್ಲ ಫೈಲ್‌ಗಳ ಈವೆಂಟ್‌ಗಳೂ ಸ್ತಬ್ಧವಾಗುತ್ತವೆ. ದೋಷ ಬಂದಾಗಲೂ ಅದನ್ನು ಮರಳಿ ನಿಜ ಮಾಡುವ ಲೇಬಲ್‌ಗೆ ಹೋಗುವಂತೆ ಆನ್ ಎರರ್ ಸಾಲನ್ನು ಮೊದಲೇ ಬರೆದಿಡಿ.

ಕ್ಯೂಟಿ 5.3ರಿಂದ ಬಂದಿರುವ ಸಿಗ್ನಲ್‌ಬ್ಲಾಕರ್ ವರ್ಗ ತನ್ನ ವ್ಯಾಪ್ತಿ ಮುಗಿದಾಗ ಹಿಂದಿನ ಸ್ಥಿತಿಯನ್ನು ತಾನೇ ಮರಳಿಸುತ್ತದೆ. ಆದರೆ ಅದು ಆ ವಸ್ತುವಿನ ಎಲ್ಲ ಸಿಗ್ನಲ್‌ಗಳನ್ನೂ ತಡೆಯುತ್ತದೆ ಎಂಬುದು ನೆನಪಿರಲಿ. ಅದೇ ಪೆಟ್ಟಿಗೆಯನ್ನು ಆಲಿಸುತ್ತಿರುವ ಮತ್ತೊಂದು ಲೇಬಲ್ ಹಳೆಯ ಮೊತ್ತವನ್ನೇ ತೋರಿಸುತ್ತಾ ಉಳಿಯಬಹುದು. ಹ್ಯಾಂಡ್ಲರನ್ನು ಬಿಚ್ಚಿ ಮತ್ತೆ ಜೋಡಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಒಂದು ದಾರಿಯಲ್ಲಿ ಎರಡು ಬಾರಿ ಜೋಡಣೆಯಾದರೆ ಹ್ಯಾಂಡ್ಲರ್ ಎರಡೆರಡು ಬಾರಿ ಓಡುತ್ತದೆ, ಮತ್ತು ಲ್ಯಾಂಬ್ಡಾದಿಂದ (ಹೆಸರಿಲ್ಲದ ಫಂಕ್ಷನ್‌ನಿಂದ) ಜೋಡಿಸಿದ ಹ್ಯಾಂಡ್ಲರನ್ನು ಅದೇ ಲ್ಯಾಂಬ್ಡಾವನ್ನು ಮತ್ತೆ ಬರೆದು ಬಿಚ್ಚಲು ಬರುವುದಿಲ್ಲ.

ಬಿಗಿನ್‌ಇನ್ವೋಕ್ ಅಥವಾ ಕ್ಯೂಟಿಯ ಕ್ಯೂಡ್‌ಕನೆಕ್ಷನ್ ಬಳಸಿ ಕರೆಯನ್ನು ಸರತಿಗೆ ಹಾಕುವ ಸಲಹೆಯೂ ಕೇಳಿಬರುತ್ತದೆ. ಸ್ಟ್ಯಾಕ್ ಆಗ ತುಂಬುವುದಿಲ್ಲ ನಿಜ, ಆದರೆ ಸುತ್ತು ಹಾಗೆಯೇ ಉಳಿದಿರುತ್ತದೆ. ಕಾಲ್ ಸ್ಟ್ಯಾಕ್‌ನಲ್ಲಿ ಸಿಗುತ್ತಿದ್ದ ಸುಳಿವೂ ಅಳಿಸಿಹೋಗಿ, ದೋಷ ಮೊದಲಿಗಿಂತ ಹುಡುಕಲು ಕಷ್ಟವಾಗುತ್ತದೆ. ಸ್ವಿಂಗ್‌ನಲ್ಲಿ ಮಾತ್ರ ಇದಕ್ಕೆ ಒಂದು ನ್ಯಾಯವಾದ ಬಳಕೆಯಿದೆ. ಡಾಕ್ಯುಮೆಂಟ್‌ಲಿಸನರ್‌ನ ಒಳಗಿಂದ ಅದೇ ಡಾಕ್ಯುಮೆಂಟನ್ನು ಬದಲಿಸಲು ಹೋದರೆ ಇಲ್ಲೀಗಲ್‌ಸ್ಟೇಟ್ ಎಕ್ಸೆಪ್ಷನ್ ಬರುವುದರಿಂದ, ಇನ್ವೋಕ್‌ಲೇಟರ್ ಅಥವಾ ಡಾಕ್ಯುಮೆಂಟ್‌ಫಿಲ್ಟರ್ ಬೇಕಾಗುತ್ತದೆ.

ಇವೆಲ್ಲವನ್ನೂ ಮೀರಿದ ಪರಿಹಾರ ಮೌಲ್ಯಕ್ಕೆ ಒಬ್ಬನೇ ಯಜಮಾನನನ್ನು ಗೊತ್ತುಮಾಡುವುದು. ತಡೆಗುರುತು ಸುತ್ತನ್ನು ನಿಲ್ಲಿಸುತ್ತದೆ, ಆದರೆ ಯಾವ ಮೊತ್ತ ನಿಜವಾದದ್ದು ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಬಿಲ್ಲಿನ ಸಾಲೊಂದನ್ನು ಪ್ರತಿನಿಧಿಸುವ ಪ್ರತ್ಯೇಕ ವರ್ಗವನ್ನು ಬರೆಯಿರಿ. ಬಳಕೆದಾರರು ಕೊಟ್ಟ ಮೊತ್ತ ಯಾವುದು, ಅದು ಮೂಲದರವೋ ಒಟ್ಟುದರವೋ ಎಂಬ ಎರಡು ಸಂಗತಿಗಳನ್ನು ಅದು ನೆನಪಿಡಲಿ. ಉಳಿದದ್ದನ್ನೆಲ್ಲ ಅವುಗಳಿಂದ ಲೆಕ್ಕ ಮಾಡಿ ಕೊಡಲಿ. ಹ್ಯಾಂಡ್ಲರ್‌ಗಳು ಆ ವರ್ಗಕ್ಕೆ ಮೊತ್ತವನ್ನು ತಿಳಿಸುವಷ್ಟೇ ಕೆಲಸ ಮಾಡಲಿ, ಮತ್ತೊಂದು ಪೆಟ್ಟಿಗೆಯನ್ನು ಮುಟ್ಟದಿರಲಿ. ಪರದೆಯನ್ನು ತುಂಬುವ ಕೆಲಸ ಒಂದೇ ಫಂಕ್ಷನ್‌ನದಾಗಿರಲಿ. ಬಳಕೆದಾರರು ಟೈಪ್ ಮಾಡುತ್ತಿರುವ ಪೆಟ್ಟಿಗೆಯನ್ನು ಅದು ಬಿಟ್ಟು ಉಳಿದವನ್ನು ಬರೆಯಲಿ, ಮತ್ತು ತಡೆಗುರುತು ಬೇಕಾದರೆ ಅಲ್ಲಿ ಮಾತ್ರ ಇರಲಿ. ಹೀಗೆ ಮಾಡಿದಾಗ 100 ಎಂದು ಕೊಟ್ಟ ಒಟ್ಟುದರ 100 ಆಗಿಯೇ ಉಳಿಯುತ್ತದೆ, 84.75 ಎಂಬುದು ಅದರಿಂದ ಹುಟ್ಟಿದ ಲೆಕ್ಕವಾಗುತ್ತದೆ. ಟೆಕ್ಸ್ಟ್‌ಬಾಕ್ಸ್‌ಗೆ ಪಠ್ಯ ಕೊಟ್ಟಾಗ ಕರ್ಸರ್ ಮೊದಲಿಗೆ ಹಾರುವ ಕಿರಿಕಿರಿಯೂ ಇರುವುದಿಲ್ಲ. ರಿಯಾಯಿತಿಯ ಸುತ್ತು ಕೂಡ ಇದೇ ದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ವರ್ಗದೊಳಗೆ ಸಾಮಾನುಗಳ ಮೊತ್ತ ಮತ್ತು ಪಾವತಿಯ ಮೊತ್ತ ಎರಡು ಹೆಸರುಗಳಲ್ಲಿ ನಿಲ್ಲಲೇಬೇಕಾಗುತ್ತದೆ.

ಗಾತ್ರ, ಪರದೆಯ ಬಿಡಿಸುವಿಕೆ, ಫೋಕಸ್

ಮೌಲ್ಯಗಳಿಗೆ ಸಂಬಂಧಿಸದ ಕೆಲವು ಸುತ್ತುಗಳೂ ಇವೆ. ಕ್ಯೂಟಿಯ ರೀಸೈಜ್‌ಈವೆಂಟ್ ಒಳಗೆ ರೀಸೈಜ್ ಅಥವಾ ಸೆಟ್‌ಜಿಯೋಮೆಟ್ರಿ ಕರೆದರೆ ಕೊನೆಯಿಲ್ಲದ ರಿಕರ್ಷನ್ ಆಗಬಹುದು. ಪೇಂಟ್‌ಈವೆಂಟ್ ಒಳಗೆ ರಿಪೇಂಟ್ ಕರೆದರೂ ಹಾಗೆಯೇ. ಅಪ್‌ಡೇಟ್ ಕರೆದರೆ ರಿಕರ್ಷನ್ ಆಗದಿದ್ದರೂ ಪರದೆ ಬಿಡುವಿಲ್ಲದೆ ಬಿಡಿಸಲ್ಪಡುತ್ತಾ ಪ್ರೊಸೆಸರನ್ನು ತಿನ್ನುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಎಂಟರ್, ಲೀವ್, ವ್ಯಾಲಿಡೇಟಿಂಗ್ ಮುಂತಾದ ಹ್ಯಾಂಡ್ಲರ್‌ಗಳ ಒಳಗಿಂದ ಫೋಕಸ್ ಬದಲಿಸಬಾರದು. ತಪ್ಪು ಮೌಲ್ಯವಿರುವ ಪೆಟ್ಟಿಗೆಯಲ್ಲಿಯೇ ಬಳಕೆದಾರರನ್ನು ಉಳಿಸಲು ವ್ಯಾಲಿಡೇಟಿಂಗ್‌ನ ಕ್ಯಾನ್ಸಲ್ ಪ್ರಾಪರ್ಟಿಯನ್ನು ನಿಜ ಮಾಡಿ. ಹ್ಯಾಂಡ್ಲರ್ ನಡುವೆ ಮೆಸೇಜ್‌ಬಾಕ್ಸ್ ತೋರಿಸುವುದು ಮತ್ತು ಡೂಈವೆಂಟ್ಸ್ ಕರೆಯುವುದು ಸಂದೇಶಗಳ ಸರತಿಯನ್ನು ಅಲ್ಲಿಯೇ ಓಡಿಸುವುದರಿಂದ, ಮುಗಿಯದ ಹ್ಯಾಂಡ್ಲರ್‌ನೊಳಗೆ ಅದೇ ಹ್ಯಾಂಡ್ಲರ್ ಮತ್ತೆ ಪ್ರವೇಶಿಸುವ ದಾರಿ ತೆರೆಯುತ್ತದೆ.

ಆರನೆಯ ಹೆಜ್ಜೆ: ಪರೀಕ್ಷಿಸಿ

ಆಳದ ಎಣಿಕೆಯನ್ನು ಕಿತ್ತುಹಾಕಬೇಡಿ. ಅದನ್ನು ಡೀಬಗ್ ಅಸರ್ಟ್ ಆಗಿ ಉಳಿಸಿ, ಮಿತಿಯನ್ನು 20ರಿಂದ 2ಕ್ಕೆ ಇಳಿಸಿ. ನಾಳೆ ಬೇರೊಬ್ಬರು ಮೂರನೆಯ ಪೆಟ್ಟಿಗೆ ಸೇರಿಸಿದಾಗ ಅದು ಎಚ್ಚರಿಸುತ್ತದೆ. ಬಳಿಕ ಒಟ್ಟುದರಕ್ಕೆ 100 ಕೊಟ್ಟು ಅದು 100 ಆಗಿಯೇ ಉಳಿಯುವುದನ್ನು, ಮೂಲದರಕ್ಕೆ 84.75 ಮತ್ತು 85 ಕೊಟ್ಟು ಎರಡೂ ಸ್ಥಿರವಾಗಿರುವುದನ್ನು ನೋಡಿ. ಪೆಟ್ಟಿಗೆಯನ್ನು ಖಾಲಿ ಮಾಡಿ, ಬರೀ ದಶಮಾಂಶ ಚುಕ್ಕೆಯನ್ನು ಒತ್ತಿ, ಅಕ್ಷರವೊಂದನ್ನು ಟೈಪ್ ಮಾಡಿ ಅಳಿಸಿ, ಆಮೇಲೆಯೂ ಲೆಕ್ಕ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ರಿಯಾಯಿತಿ ಇದ್ದರೆ 999.99, 1000, 1020 ಮತ್ತು 1052.63 ರೂಪಾಯಿಗಳ ಬಿಲ್ಲುಗಳನ್ನು ಪರೀಕ್ಷಿಸಿ. ಕೊನೆಯದಕ್ಕೆ ಶೇ. 5 ಕಳೆದರೆ ಸಾವಿರಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಎರಡು ಮೊತ್ತಗಳನ್ನು ನಿಜವಾಗಿಯೂ ಬೇರ್ಪಡಿಸಿದ್ದೀರೋ ಇಲ್ಲವೋ ಎಂಬುದು ಅಲ್ಲಿ ಬಯಲಾಗುತ್ತದೆ.